ಪೋಕರ್‌ನ ಮಾತು, ಪಣದ ಮಿತಿ

ಪೋಕರ್ ಕಲಿಯುವವರು ಎಲೆ ಹಿಡಿಯುವ ಮೊದಲು ಹತ್ತಾರು ಮಾತುಗಳನ್ನು ಕಲಿಯಬೇಕು. ಆ್ಯಂಟಿ, ಕಾಲ್, ರೇಸ್, ಫೋಲ್ಡ್, ಬ್ಲಫ್, ಆಲ್ ಇನ್. ನಾನು ಇವನ್ನು ಮೇಜಿನ ಮುಂದೆ ಕೂತು ಕಲಿಯಲಿಲ್ಲ, ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಚರಿತ್ರೆ ಓದುವಾಗ ಕಲಿತೆ. ಓದುತ್ತ ಹೋದಂತೆ ಈ ಮಾತುಗಳು ಒಂದು ಕರಾರುಪತ್ರದ ಕಲಮುಗಳಂತೆ ಕಾಣತೊಡಗಿದವು. ಒಬ್ಬರನ್ನೊಬ್ಬರು ನಂಬದ ಅಪರಿಚಿತರು ಒಂದೇ ಮೇಜಿಗೆ ಕೂರಲು ಬರೆದುಕೊಂಡ ಕರಾರು ಅದು.

ಆಟ ಬೆಳೆದದ್ದು ನ್ಯೂ ಆರ್ಲಿಯನ್ಸ್ ಮತ್ತು ಮಿಸಿಸಿಪ್ಪಿ ನದಿಯ ಸುತ್ತಮುತ್ತ. 1803ರಲ್ಲಿ ಫ್ರಾನ್ಸ್ ಆ ಸೀಮೆಯನ್ನು ಅಮೆರಿಕಕ್ಕೆ ಮಾರಿತು, ಆದರೆ ಊರಿನ ನಾಲಗೆಯಲ್ಲಿ ಫ್ರೆಂಚ್ ಉಳಿಯಿತು. ‘ಪೋಕ್’ ಎಂಬ ಫ್ರೆಂಚ್ ಎಲೆಯಾಟದ ಹೆಸರೇ ‘ಪೋಕರ್’ ಆಯಿತು ಎಂಬುದು ಹೆಚ್ಚು ವಿದ್ವಾಂಸರು ಒಪ್ಪುವ ಮಾತು. ಅದರ ಜರ್ಮನ್ ಬಂಧು ‘ಪೋಖೆನ್’ ಎಂಬ ಕ್ರಿಯಾಪದಕ್ಕೆ ತಟ್ಟು, ಬಡಿ ಎಂಬ ಅರ್ಥವಿದೆ, ಜಂಭ ಕೊಚ್ಚು ಎಂಬ ಅರ್ಥವೂ ಇದೆ. ಎದೆ ತಟ್ಟಿಕೊಂಡು ಸವಾಲು ಹಾಕುವುದು ಹೆಸರಿನಲ್ಲೇ ಇದೆ.

ಜೋ ಕೊವೆಲ್ ಎಂಬ ಇಂಗ್ಲಿಷ್ ನಟ 1829ರ ಡಿಸೆಂಬರಿನಲ್ಲಿ ಲೂಯಿವಿಲ್‌ನಿಂದ ನ್ಯೂ ಆರ್ಲಿಯನ್ಸ್ ಕಡೆ ಹೊರಟ ಉಗಿಹಡಗಿನಲ್ಲಿ ಈ ಆಟ ಕಂಡದ್ದನ್ನು 1844ರಲ್ಲಿ ಪ್ರಕಟವಾದ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಎಕ್ಕ, ರಾಜ, ರಾಣಿ, ಗುಲಾಮ, ಹತ್ತು, ಇಷ್ಟೇ ಎಲೆ. ಒಟ್ಟು 20, ನಾಲ್ವರಿಗೆ ಐದೈದು ಹಂಚಿದರೆ ಕಟ್ಟು ಖಾಲಿ. ಮುಂದೆ 52 ಎಲೆಗಳ ಪೂರ್ತಿ ಕಟ್ಟು ಬಂದಾಗ ಹೆಚ್ಚು ಜನ ಆಡಬಹುದಾಯಿತು, ಬೇಡದ ಎಲೆ ಬಿಟ್ಟು ಹೊಸದು ಪಡೆಯುವ ‘ಡ್ರಾ’ ಸಾಧ್ಯವಾಯಿತು. ಐದೂ ಎಲೆ ಒಂದೇ ಗುರುತಿನವಾದರೆ, ಅಂದರೆ ಐದೂ ಇಸ್ಪೀಟು ಅಥವಾ ಐದೂ ಆಟೀನು ಆದರೆ, ‘ಫ್ಲಶ್’ ಎಂಬ ಲೆಕ್ಕವೂ ಸೇರಿತು.

ಇನ್ನು ಕರಾರಿನ ಮಾತುಗಳು. ಆ್ಯಂಟಿ ಎಂದರೆ ಲ್ಯಾಟಿನ್‌ನಲ್ಲಿ ‘ಮುಂಚೆ’. ಎಲೆ ಬರುವ ಮುಂಚೆ ಎಲ್ಲರೂ ಒಂದಿಷ್ಟು ಹಣ ನಡುವಿನ ‘ಪಾಟ್’ಗೆ ಹಾಕಬೇಕು, ಬಿಟ್ಟಿಯಾಗಿ ಕೂತು ನೋಡುವಂತಿಲ್ಲ. ಎದುರಾಳಿ ಕಟ್ಟಿದಷ್ಟೇ ಕಟ್ಟಿದರೆ ಕಾಲ್, ಮೇಲೆ ಕಟ್ಟಿದರೆ ರೇಸ್, ಎಲೆ ಮಡಚಿ ಹಿಂದೆ ಸರಿದರೆ ಫೋಲ್ಡ್. ಕೊನೆಯಲ್ಲಿ ಉಳಿದವರು ಎಲೆ ಬಿಚ್ಚಿಟ್ಟು ತೋರಿಸುವುದು ಶೋಡೌನ್. ನಮ್ಮ ಮೂರೆಲೆಯಲ್ಲಿ ಇದೇ ‘ಶೋ’. ಎಲೆ ನೋಡದೆ ಕಟ್ಟುವುದಕ್ಕೆ ನಾವು ಹೇಳುವ ‘ಬ್ಲೈಂಡ್’ ಪೋಕರ್‌ನಲ್ಲೂ ಇದೆ.

ಬ್ಲಫ್ ಎಂಬುದು ಒಂದು ಕಾಲಕ್ಕೆ ಇಡೀ ಆಟದ ಇನ್ನೊಂದು ಹೆಸರೇ ಆಗಿತ್ತು. ಕೈಯಲ್ಲಿ ಏನೂ ಇಲ್ಲದೆ ಎಲ್ಲ ಇರುವಂತೆ ಕಟ್ಟುವುದು ಬ್ಲಫ್. ಗಣಿತಜ್ಞ ಜಾನ್ ವಾನ್ ನಾಯ್ಮನ್ ಅರ್ಥಶಾಸ್ತ್ರಜ್ಞ ಮಾರ್ಗೆನ್‌ಸ್ಟರ್ನ್ ಜೊತೆ 1944ರಲ್ಲಿ ಪ್ರಕಟಿಸಿದ ಗೇಮ್ ಥಿಯರಿಯ ಗ್ರಂಥದಲ್ಲಿ ಇದನ್ನು ವಿವರಿಸಿದರು. ಒಳ್ಳೆಯ ಎಲೆ ಇದ್ದಾಗ ಮಾತ್ರ ದೊಡ್ಡದಾಗಿ ಕಟ್ಟುವವನ ಎಲೆ ಎಲ್ಲರಿಗೂ ತಿಳಿದುಬಿಡುತ್ತದೆ, ಅವನಿಗೆ ಯಾರೂ ಎದುರು ಕಟ್ಟುವುದಿಲ್ಲ. ಆದ್ದರಿಂದ ಆಗಾಗ ಸುಳ್ಳು ಆಡುವುದು ಲೆಕ್ಕಾಚಾರದ ಭಾಗವೇ. ಕರಾರು ಮೋಸವನ್ನು ತಡೆಯುತ್ತದೆ, ಸುಳ್ಳಿಗೆ ಜಾಗ ಬಿಡುತ್ತದೆ.

ಎಲೆ ಹಂಚುವ ಸರದಿ ಯಾರದು ಎಂದು ತೋರಿಸಲು ಆಟಗಾರರು ಮುಂದಿಡುತ್ತಿದ್ದ ಗುರುತಿಗೆ ‘ಬಕ್’ ಎಂದು ಹೆಸರು. ಹೊಣೆ ಬೇಡದವನು ಅದನ್ನು ಪಕ್ಕದವನಿಗೆ ದಾಟಿಸಬಹುದಿತ್ತು. ಇಂದಿಗೂ ಇಂಗ್ಲಿಷ್‌ನಲ್ಲಿ ಜವಾಬ್ದಾರಿ ಜಾರಿಸುವುದನ್ನು ಬಕ್ ದಾಟಿಸುವುದು ಎನ್ನುತ್ತಾರೆ. ಪೋಕರ್‌ಪ್ರಿಯ ಅಧ್ಯಕ್ಷ ಹ್ಯಾರಿ ಟ್ರೂಮನ್ ಮೇಜಿನ ಮೇಲೆ, ಬಕ್ ಇಲ್ಲಿಗೇ ನಿಲ್ಲುತ್ತದೆ ಎಂಬ ಫಲಕವಿತ್ತು.

ಹೀಗೆ ಮೇಜು ಬಿಟ್ಟು ಹೋದ ಮಾತುಗಳಲ್ಲಿ ಅರ್ಥ ಪೂರ್ತಿ ತಲೆಕೆಳಗಾದದ್ದು ‘ಆಲ್ ಇನ್’. ಈಗ ಅದು ಎಲ್ಲವನ್ನೂ ಪಣಕ್ಕೊಡ್ಡುವ ಧೈರ್ಯದ ಮಾತು. ಆಟದಲ್ಲಿ ಅದು ‘ಟೇಬಲ್ ಸ್ಟೇಕ್ಸ್’ ಎಂಬ ನಿಯಮದ ಮಗು. ಆ ನಿಯಮದ ಪ್ರಕಾರ ಒಂದು ಆಟ ಶುರುವಾದಾಗ ಮೇಜಿನ ಮೇಲೆ ನಿಮ್ಮ ಮುಂದೆ ಎಷ್ಟಿದೆಯೋ ಅಷ್ಟನ್ನೇ ಕಟ್ಟಬಹುದು. ಮಧ್ಯೆ ಜೇಬಿಗೆ ಕೈ ಹಾಕುವಂತಿಲ್ಲ, ಸಾಲ ತರುವಂತಿಲ್ಲ. ಎದುರಾಳಿ 1000 ಕಟ್ಟಿ, ನಿಮ್ಮಲ್ಲಿ 500 ಮಾತ್ರ ಉಳಿದಿದ್ದರೆ ಅಷ್ಟನ್ನೂ ಇಟ್ಟು ಆಲ್ ಇನ್ ಎನ್ನಬಹುದು. ಆಗ ಆ ಪಾಲಿನ ಪಾಟ್‌ಗೆ ಮಾತ್ರ ನಿಮ್ಮ ಸ್ಪರ್ಧೆ, ನಿಮ್ಮನ್ನು ಹಣದ ಬಲದಿಂದ ಹೊರದಬ್ಬುವಂತಿಲ್ಲ. ಆ ಮಾತು ಬಡ ಆಟಗಾರನ ರಕ್ಷಣೆ.

ಮಿತಿಯಿಲ್ಲದ ಪಣ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಆ ನದಿಸೀಮೆಯೇ ಸಾಕ್ಷಿ. ಎಲೆಗಟ್ಟಿನಲ್ಲಿ ಗುಲಾಮ ಒಂದು ಚಿತ್ರ. ಆದರೆ ಅಮೆರಿಕದ ದಕ್ಷಿಣದಲ್ಲಿ ಗುಲಾಮರು ಕಾನೂನಿನ ಕಣ್ಣಿಗೆ ಆಸ್ತಿ, ಆದ್ದರಿಂದ ತೋಟದ ಒಡೆಯರು ಜೂಜಿನಲ್ಲಿ ಜೀವಂತ ಮನುಷ್ಯರನ್ನು ಪಣಕ್ಕಿಟ್ಟರು. ಹಂಚಿದ ಎಲೆ ಯಾರದೋ, ಊರು ಬಿಟ್ಟು ಹೊಸ ಒಡೆಯನ ಹಿಂದೆ ಹೋಗಬೇಕಾದವರು ಯಾರೋ. ಕನ್ನಡ ಓದುಗರಿಗೆ ಇದು ಹೊಸದಲ್ಲ. ಸಭಾಪರ್ವದ ಧರ್ಮರಾಯ ಐಶ್ವರ್ಯ ಮುಗಿದ ಮೇಲೆ ತಮ್ಮಂದಿರನ್ನು, ತನ್ನನ್ನು, ಕೊನೆಗೆ ದ್ರೌಪದಿಯನ್ನು ಒಡ್ಡಿದ. ನೀನು ಮೊದಲು ಸೋತದ್ದು ನಿನ್ನನ್ನೋ ನನ್ನನ್ನೋ ಎಂಬ ಅವಳ ಪ್ರಶ್ನೆ, ಪಣಕ್ಕೆ ಮಿತಿ ಎಲ್ಲಿ ಎಂಬ ಪ್ರಶ್ನೆಯೂ ಹೌದು. ನಮ್ಮ ‘ಹಣ’ ಎಂಬ ಪದ ಕೂಡ ‘ಪಣ’ದ ತದ್ಭವವೇ.

ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ನಿಷೇಧದ ಕಾಯ್ದೆ ಅಂಗೀಕರಿಸಿತು. ಈ ಚರ್ಚೆಯ ಬಹುಪಾಲು ಆಟ ಕೌಶಲದ್ದೋ ಅದೃಷ್ಟದ್ದೋ ಎಂಬುದರ ಸುತ್ತ ನಡೆಯಿತು. ಪೋಕರ್‌ನ ಹಳೆಯ ಮಾತುಗಳು ಇನ್ನೊಂದು ಪ್ರಶ್ನೆ ಕೇಳುತ್ತವೆ: ಮೇಜಿನ ಅಂಚು ಎಲ್ಲಿದೆ? ಮರದ ಮೇಜಿಗೆ ಅಂಚಿತ್ತು, ಮತ್ತೆ ಹಣ ತರಬೇಕಾದವನು ಎದ್ದು ನಡೆದು ಹೋಗಬೇಕಿತ್ತು. ಬ್ಯಾಂಕ್ ಖಾತೆಗೆ ಜೋಡಿಸಿದ ಮೊಬೈಲಿನಲ್ಲಿ ಏಳುವ ಅಗತ್ಯವೇ ಇಲ್ಲ. ಪೋಕರ್‌ನ ಪದಕೋಶದಿಂದ ಒಂದೇ ಮಾತು ಕಲಿಯುವುದಾದರೆ ನಾನು ಟೇಬಲ್ ಸ್ಟೇಕ್ಸ್ ಎಂಬುದನ್ನೇ ಆರಿಸಿಕೊಳ್ಳುತ್ತೇನೆ.