ರಂಗಶಂಕರದಲ್ಲಿ ಒಂದು ನಾಟಕ: ತೆಂಗಿನ ಸೀಮೆಯ ಪ್ರೇಕ್ಷಕರಿಗೊಂದು ಕೈಪಿಡಿ

ಬೆಂಗಳೂರಿನ ಜೆ.ಪಿ. ನಗರ ಎರಡನೇ ಹಂತದಲ್ಲಿರುವ 'ರಂಗಶಂಕರ' ಕನ್ನಡದ ರಂಗಾಸಕ್ತರಿಗೆ ಹೊಸ ಹೆಸರೇನಲ್ಲ. ಸುಮಾರು ಮುನ್ನೂರು ಮಂದಿ ಕೂರಬಹುದಾದ ಈ ಪುಟ್ಟ ರಂಗಮಂದಿರ ಆರಂಭವಾದದ್ದು 2004ರಲ್ಲಿ. ಸೋಮವಾರದ ಹೊರತು ವಾರವಿಡೀ ನಾಟಕ ಎಂಬುದು ಅದರ ಸಂಕಲ್ಪ. ಅದಕ್ಕಿಂತ ಹೆಚ್ಚು ಪ್ರಸಿದ್ಧವಾದುದು ಅದರ ಇನ್ನೊಂದು ನಿಯಮ: ನಾಟಕ ಹೇಳಿದ ಹೊತ್ತಿಗೆ ಆರಂಭವಾಗುತ್ತದೆ, ಆರಂಭವಾದ ಮೇಲೆ ಯಾರಿಗೂ ಪ್ರವೇಶವಿಲ್ಲ.

ಜಯನಗರದಿಂದ ಹೊರಡುವವರು ಹತ್ತು ನಿಮಿಷ ಮೊದಲೇ ಮನೆ ಬಿಟ್ಟರೆ ಈ ನಿಯಮ ಪಾಲಿಸಿದಂತಾಯಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಿಂದ ಹೊರಡುವವರಿಗೆ ಅದು ಇಡೀ ದಿನದ ಲೆಕ್ಕಾಚಾರ. ರೈಲು ತಡವಾದರೆ, ಯಶವಂತಪುರದಲ್ಲಿ ಜನಸಂದಣಿಯಿದ್ದರೆ, ಮಳೆ ಬಂದು ಆಟೋ ಸಿಗದೆ ಹೋದರೆ ಟಿಕೆಟ್ ಕೈಯಲ್ಲಿದ್ದರೂ ಬಾಗಿಲ ಹೊರಗೇ ಉಳಿಯಬೇಕಾದೀತು. ಆದರೂ ಈ ಕಟ್ಟುನಿಟ್ಟು ದೂರದ ಪ್ರೇಕ್ಷಕನಿಗೆ ಹೊರೆಯೋ, ಉಪಕಾರವೋ ಎಂಬುದನ್ನು ಸ್ವಲ್ಪ ಸಾವಧಾನದಿಂದ ನೋಡಬೇಕಾಗಿದೆ.

ನಾಟಕದ ನೆಲ

ತುಮಕೂರು ಜಿಲ್ಲೆಯ ಪಶ್ಚಿಮ ಭಾಗದ ಈ ಮೂರು ತಾಲ್ಲೂಕುಗಳು ರಾಜ್ಯಕ್ಕೆ ಪರಿಚಿತವಾಗಿರುವುದು ತೆಂಗು ಮತ್ತು ಕೊಬ್ಬರಿಯಿಂದ. ಕಾಯಿಯನ್ನು ಅಟ್ಟದ ಮೇಲೆ ಹತ್ತರಿಂದ ಹನ್ನೆರಡು ತಿಂಗಳು ಇರಿಸಿ, ನೀರು ಇಂಗಿದ ಮೇಲೆ ಸುಲಿದು ತೆಗೆಯುವ ಉಂಡೆ ಕೊಬ್ಬರಿಗೆ ತಿಪಟೂರು ಮಾರುಕಟ್ಟೆ ದೇಶದಲ್ಲೇ ಹೆಸರುವಾಸಿ. ಇದೇ ಸೀಮೆಗೆ ನಾಟಕದ ಹುಚ್ಚೂ ಹಳೆಯದು.

ತಿಪಟೂರಿನಿಂದ ಬೆಂಗಳೂರಿಗೆ ಹೋಗುವ ರೈಲು ಹಾದಿಯಲ್ಲೇ ಗುಬ್ಬಿ ಇದೆ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ ನೇತೃತ್ವದಲ್ಲಿ ದಕ್ಷಿಣ ಭಾರತದಾದ್ಯಂತ ಸಂಚರಿಸಿತು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನು ರಂಗಕ್ಕೆ ತಂದ ಅದರ ವೈಭವವನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಹಾಸ್ಯನಟ ನರಸಿಂಹರಾಜು 1923ರಲ್ಲಿ ಜನಿಸಿದ್ದು ತಿಪಟೂರಿನಲ್ಲಿ. ಬಾಲ್ಯದಲ್ಲೇ ವೃತ್ತಿ ರಂಗಭೂಮಿಗೆ ಸೇರಿದ ಅವರು 1954ರ 'ಬೇಡರ ಕಣ್ಣಪ್ಪ'ದ ಮೂಲಕ ಚಿತ್ರರಂಗಕ್ಕೆ ಬಂದರು. ಆಧುನಿಕ ರಂಗಭೂಮಿಯಲ್ಲಿ 'ಒಡಲಾಳ'ದ ಸಾಕವ್ವನಾಗಿ ಮನೆಮಾತಾದ ಉಮಾಶ್ರೀ ಅವರದು ತಿಪಟೂರು ತಾಲ್ಲೂಕಿನ ನೊಣವಿನಕೆರೆ.

ಇವರೆಲ್ಲರ ಹಿನ್ನೆಲೆಯಲ್ಲಿ ಹಳ್ಳಿಯ ಪೌರಾಣಿಕ ನಾಟಕವಿದೆ. ಸುಗ್ಗಿ ಮುಗಿದ ಮೇಲೆ, ಜಾತ್ರೆಯ ಸಂದರ್ಭದಲ್ಲಿ ಊರವರೇ ಪಾತ್ರಕ್ಕೆ ಹಣ ಕೊಟ್ಟು ದುರ್ಯೋಧನನೋ ಕೃಷ್ಣನೋ ಆಗುತ್ತಾರೆ. ಡ್ರಾಮಾ ಮೇಷ್ಟರು ಹಾರ್ಮೋನಿಯಂ ಮುಂದೆ ಕೂತು ತಿಂಗಳುಗಟ್ಟಲೆ ಕಲಿಸುತ್ತಾರೆ. ಸೀನರಿ, ಉಡುಪು ಬಾಡಿಗೆಗೆ ಬರುತ್ತವೆ. ರಾತ್ರಿ ಒಂಬತ್ತಕ್ಕೆಂದು ಸಾರಿದ ನಾಟಕ ಹನ್ನೊಂದಕ್ಕೆ ಆರಂಭವಾಗಿ ಬೆಳಗಿನ ಜಾವ ಮುಗಿಯುತ್ತದೆ. ಪ್ರೇಕ್ಷಕರು ಬರುತ್ತಾರೆ, ಹೋಗುತ್ತಾರೆ, ಚಾಪೆಯ ಮೇಲೆ ನಿದ್ದೆ ತೆಗೆದು ಗದಾಯುದ್ಧದ ಹೊತ್ತಿಗೆ ಏಳುತ್ತಾರೆ. ಮೆಚ್ಚಿದ ಪದ್ಯಕ್ಕೆ 'ಒನ್ಸ್ ಮೋರ್' ಕೂಗುತ್ತಾರೆ, ನಟನ ಕೊರಳಿಗೆ ನೋಟಿನ ಹಾರ ಹಾಕುತ್ತಾರೆ. ಈ ಸ್ವಾತಂತ್ರ್ಯದಲ್ಲಿ ಬೆಳೆದ ಪ್ರೇಕ್ಷಕ ಮೊದಲ ಸಲ ರಂಗಶಂಕರದ ಬಾಗಿಲಲ್ಲಿ ನಿಂತಾಗ ತುಸು ಅಳುಕುವುದು ಸಹಜ.

ರಂಗಮಂದಿರದ ಹುಟ್ಟು

ನಟ, ನಿರ್ದೇಶಕ ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿ ರಸ್ತೆ ಅಪಘಾತದಲ್ಲಿ ನಿಧನರಾದರು. ಸಿನಿಮಾದ ಜನಪ್ರಿಯತೆಯ ನಡುವೆಯೂ 'ಸಂಕೇತ್' ತಂಡದ ಮೂಲಕ ನಾಟಕದ ನಂಟು ಉಳಿಸಿಕೊಂಡಿದ್ದ ಅವರಿಗೆ, ನಾಟಕಕ್ಕಾಗಿಯೇ ಮೀಸಲಾದ, ತಂಡಗಳ ಕೈಗೆಟುಕುವ ಬಾಡಿಗೆಯ ರಂಗಮಂದಿರವೊಂದು ಬೆಂಗಳೂರಿನಲ್ಲಿರಬೇಕೆಂಬ ಹಂಬಲವಿತ್ತು. ಅವರ ಪತ್ನಿ, ರಂಗನಟಿ ಅರುಂಧತಿ ನಾಗ್ ಅದನ್ನು ಸಂಕೇತ್ ಟ್ರಸ್ಟ್ ಮೂಲಕ ಮುಂದುವರಿಸಿದರು. ರಾಜ್ಯ ಸರ್ಕಾರ ನಿವೇಶನ ನೀಡಿತು. ದಾನಿಗಳಿಂದ, ಸಂಸ್ಥೆಗಳಿಂದ, ಸಾರ್ವಜನಿಕರಿಂದ ವರ್ಷಗಟ್ಟಲೆ ಹಣ ಸಂಗ್ರಹವಾಯಿತು. 2004ರ ಅಕ್ಟೋಬರ್‌ನಲ್ಲಿ ನಾಟಕೋತ್ಸವದೊಂದಿಗೆ ಬಾಗಿಲು ತೆರೆಯಿತು. ಮುಂಬೈನ ಜುಹುವಿನಲ್ಲಿ 1978ರಲ್ಲಿ ಆರಂಭವಾದ ಪೃಥ್ವಿ ಥಿಯೇಟರ್ ಇಂತಹ ಪುಟ್ಟ ರಂಗಮಂದಿರಕ್ಕೆ ದೇಶದಲ್ಲಿದ್ದ ಹಿರಿಯ ಮಾದರಿ.

ಒಳಗಿನ ವಿನ್ಯಾಸ

ನಾವು ಕಂಡಿರುವ ಹೆಚ್ಚಿನ ರಂಗಮಂದಿರಗಳಲ್ಲಿ ವೇದಿಕೆ ಒಂದು ಚೌಕಟ್ಟಿನೊಳಗಿರುತ್ತದೆ. ಪರದೆ ಸರಿದಾಗ ಎದುರಿಗಿರುವ ಚಿತ್ರವನ್ನು ನೋಡಿದಂತೆ ನಾಟಕವನ್ನು ನೋಡುತ್ತೇವೆ. ರಂಗಶಂಕರದಲ್ಲಿ ವೇದಿಕೆ ಪ್ರೇಕ್ಷಕರ ನಡುವೆ ಮುಂದಕ್ಕೆ ಚಾಚಿಕೊಂಡಿದೆ. ಮೂರು ದಿಕ್ಕಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಆಸನಗಳಿವೆ. ವೇದಿಕೆ ಕೆಳಗೆ, ಪ್ರೇಕ್ಷಕ ಮೇಲೆ. ಹೀಗಾಗಿ ಎದುರಿನವರ ತಲೆ ಅಡ್ಡಬರುವ ತೊಂದರೆಯಿಲ್ಲ. ಕಟ್ಟಕಡೆಯ ಸಾಲಿನಿಂದಲೂ ನಟನ ಕಣ್ಣಿನ ಚಲನೆ ಕಾಣುತ್ತದೆ.

ನಟರು ಸಾಮಾನ್ಯವಾಗಿ ಮೈಕಿಲ್ಲದೆ ಮಾತನಾಡುತ್ತಾರೆ. ಸಭಾಂಗಣ ಚಿಕ್ಕದಾಗಿರುವುದರಿಂದಲೂ ಧ್ವನಿಯ ದೃಷ್ಟಿಯಿಂದ ರೂಪಿಸಿರುವುದರಿಂದಲೂ ಪಿಸುಮಾತು ಕೂಡ ಕೇಳುತ್ತದೆ. ಅದೇ ಕಾರಣಕ್ಕೆ ಪ್ರೇಕ್ಷಕನ ಕೆಮ್ಮು, ಪ್ಲಾಸ್ಟಿಕ್ ಚೀಲದ ಸರಬರ, ಮೊಬೈಲಿನ ಕಂಪನವೂ ವೇದಿಕೆಗೆ ಕೇಳುತ್ತವೆ. ಹಳ್ಳಿಯ ನಾಟಕದಲ್ಲಿ ಮೇಲಿನಿಂದ ತೂಗುವ ಮೈಕು ಎಲ್ಲ ಗದ್ದಲವನ್ನೂ ಮೀರಿ ಮಾತನ್ನು ಮುಟ್ಟಿಸುತ್ತದೆ. ಇಲ್ಲಿ ಆ ಕೆಲಸವನ್ನು ಪ್ರೇಕ್ಷಕರ ಮೌನವೇ ಮಾಡಬೇಕು.

ತಡವಾಗಿ ಬಂದವರಿಗೆ ಪ್ರವೇಶವಿಲ್ಲವೆಂಬ ನಿಯಮದ ಮರ್ಮವೂ ಇದೇ. ಕತ್ತಲಲ್ಲಿ ಬಾಗಿಲು ತೆರೆದರೆ ಹೊರಗಿನ ಬೆಳಕು ಒಳಗೆ ಬೀಳುತ್ತದೆ. ಮೆಟ್ಟಿಲು ಹುಡುಕುವವರ ಹೆಜ್ಜೆಯ ಸದ್ದು ಎಲ್ಲರಿಗೂ ಕೇಳುತ್ತದೆ. ಮೂರು ಕಡೆ ಜನ ಕೂತಿರುವಾಗ ನಟನಿಗೆ ಆ ಗೊಂದಲದಿಂದ ಮುಖ ತಿರುಗಿಸಿಕೊಳ್ಳಲು ದಿಕ್ಕೇ ಇರುವುದಿಲ್ಲ.

ಟಿಕೆಟ್, ಸರದಿ, ಆಸನ

ಟಿಕೆಟನ್ನು ಅಂತರ್ಜಾಲದಲ್ಲೂ ರಂಗಮಂದಿರದ ಕೌಂಟರ್‌ನಲ್ಲೂ ಪಡೆಯಬಹುದು. ದೂರದಿಂದ ಬರುವವರು ಮುಂಗಡವಾಗಿ ಕಾದಿರಿಸುವುದೇ ಲೇಸು. ಜನಪ್ರಿಯ ನಾಟಕಗಳಿಗೆ ಮುನ್ನೂರು ಆಸನಗಳು ಬೇಗ ತುಂಬುತ್ತವೆ. ಸಾಮಾನ್ಯವಾಗಿ ಟಿಕೆಟ್‌ನಲ್ಲಿ ಆಸನದ ಸಂಖ್ಯೆ ಇರುವುದಿಲ್ಲ. ಬಾಗಿಲು ತೆರೆಯುವ ಮುನ್ನ ಸರದಿಯಲ್ಲಿ ನಿಂತು, ಒಳಹೋದ ಕ್ರಮದಲ್ಲಿ ಆಸನ ಹಿಡಿಯಬೇಕು. ಅರ್ಧ ಗಂಟೆ ಮೊದಲೇ ಬಂದವರಿಗೆ ಮಧ್ಯದ ಆಸನ ಸಿಕ್ಕೀತು. ಬದಿಯಲ್ಲಿ ಕೂತರೂ ನಷ್ಟವಿಲ್ಲ, ನಟರನ್ನು ಇನ್ನೊಂದು ಮಗ್ಗುಲಿನಿಂದ ಕಾಣುವ ಅವಕಾಶ ಅಷ್ಟೆ.

ಆವರಣದ ಕೆಫೆಯಲ್ಲಿ ಕಾಫಿ, ತಿಂಡಿ ದೊರೆಯುತ್ತದೆ. ಮಧ್ಯಾಹ್ನ ಊಟ ಮಾಡಿ ರೈಲು ಹತ್ತಿದವರು ನಾಟಕಕ್ಕೆ ಮುನ್ನವೇ ಹೊಟ್ಟೆ ತುಂಬಿಸಿಕೊಳ್ಳುವುದು ಒಳ್ಳೆಯದು. ಸಭಾಂಗಣದೊಳಗೆ ತಿಂಡಿ ಒಯ್ಯುವಂತಿಲ್ಲ. ಛಾಯಾಚಿತ್ರ, ವಿಡಿಯೋ ನಿಷಿದ್ಧ. ತೀರ ಚಿಕ್ಕ ಮಕ್ಕಳೊಂದಿಗೆ ಹೊರಡುವವರು ಆ ನಾಟಕಕ್ಕೆ ವಯಸ್ಸಿನ ಮಿತಿ ಇದೆಯೇ ಎಂದು ಮೊದಲೇ ವಿಚಾರಿಸಬೇಕು. ಮಕ್ಕಳಿಗಾಗಿಯೇ ರಂಗಶಂಕರ 'ಆಹಾ!' ಹೆಸರಿನ ಪ್ರತ್ಯೇಕ ಕಾರ್ಯಕ್ರಮ ನಡೆಸುತ್ತ ಬಂದಿದೆ.

ಹೋಗಿ ಬರುವ ದಾರಿ

ವಾರದ ದಿನಗಳಲ್ಲಿ ನಾಟಕ ಸಾಮಾನ್ಯವಾಗಿ ಸಂಜೆ 7.30ಕ್ಕೆ. ಶನಿವಾರ, ಭಾನುವಾರಗಳಲ್ಲಿ ಮಧ್ಯಾಹ್ನ 3.30ರ ಪ್ರದರ್ಶನವೂ ಇರುವುದುಂಟು. ಅದೇ ದಿನ ಊರಿಗೆ ಮರಳಬೇಕೆನ್ನುವವರಿಗೆ ಈ ಮಧ್ಯಾಹ್ನದ ಆಟವೇ ಪ್ರಶಸ್ತ. ಬೆಳಗ್ಗೆ ಹೊರಟು, ನಾಟಕ ನೋಡಿ, ರಾತ್ರಿಯ ಹೊತ್ತಿಗೆ ಮನೆ ಸೇರಬಹುದು.

ತಿಪಟೂರಿನಿಂದ ಬೆಂಗಳೂರಿಗೆ ಸುಮಾರು 140 ಕಿಲೋಮೀಟರ್. ರೈಲಿನಲ್ಲಿ ಎರಡರಿಂದ ಎರಡೂವರೆ ಗಂಟೆ ಹಿಡಿಯುತ್ತದೆ. ತುರುವೇಕೆರೆ ಪಟ್ಟಣಕ್ಕೆ ರೈಲಿಲ್ಲ. ತಾಲ್ಲೂಕಿನ ಬಾಣಸಂದ್ರ, ಅಮ್ಮಸಂದ್ರ ನಿಲ್ದಾಣಗಳು ಇದೇ ಮಾರ್ಗದಲ್ಲಿದ್ದರೂ ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ. ಚಿಕ್ಕನಾಯಕನಹಳ್ಳಿಯವರು ಬಸ್ಸಿನಲ್ಲಿ ತಿಪಟೂರಿಗೋ ತುಮಕೂರಿಗೋ ಬಂದು ಮುಂದೆ ಸಾಗಬೇಕು.

ಯಶವಂತಪುರದಲ್ಲಿ ಇಳಿದರೆ ಮೆಟ್ರೊ ಹಸಿರು ಮಾರ್ಗ ಅಲ್ಲೇ ಸಿಗುತ್ತದೆ. ಆರ್.ವಿ. ರಸ್ತೆ ನಿಲ್ದಾಣದಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿಕೊಂಡು ರಾಗಿಗುಡ್ಡದಲ್ಲಿ ಇಳಿದರೆ ರಂಗಶಂಕರ ಹತ್ತಿರ. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾದ ಮೇಲೆ ನಗರದ ಒಳಗಿನ ಪ್ರಯಾಣದ ಅನಿಶ್ಚಿತತೆ ಬಹಳಷ್ಟು ಕಡಿಮೆಯಾಗಿದೆ. ಹಾಗಿದ್ದರೂ ನಾಟಕಕ್ಕೆ ಒಂದು ಗಂಟೆ ಮೊದಲೇ ಜೆ.ಪಿ. ನಗರ ತಲುಪುವಂತೆ ಲೆಕ್ಕ ಹಾಕಿಕೊಳ್ಳುವುದು ಜಾಣತನ.

ಸಂಜೆಯ ಪ್ರದರ್ಶನಕ್ಕೆ ಹೋಗುವವರು ನಾಟಕದ ಅವಧಿಯನ್ನು ಮೊದಲೇ ತಿಳಿದುಕೊಳ್ಳಬೇಕು. ಒಂದೂವರೆ ಗಂಟೆಯ ನಾಟಕ ಒಂಬತ್ತಕ್ಕೆ ಮುಗಿಯುತ್ತದೆ. ಆಗ ರಾತ್ರಿಯ ರೈಲಿಗೋ ಮೆಜೆಸ್ಟಿಕ್‌ನಿಂದ ಹೊರಡುವ ಬಸ್ಸಿಗೋ ಸಮಯವಿರುತ್ತದೆ. ಎರಡೂವರೆ ಗಂಟೆಯ ನಾಟಕವಾದರೆ ನಗರದಲ್ಲಿ ತಂಗುವ ವ್ಯವಸ್ಥೆ ಬೇಕಾದೀತು.

ಗಡಿಯಾರ ಯಾರ ಪರ?

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ತಾಲ್ಲೂಕು ಕೇಂದ್ರಗಳಲ್ಲಿ ನಾಟಕ ನೋಡಲು ಹೋದವರಿಗೆಲ್ಲ ಒಂದು ಅನುಭವ ಸಾಮಾನ್ಯ. ಆಹ್ವಾನ ಪತ್ರಿಕೆಯಲ್ಲಿ ಸಂಜೆ ಆರು ಗಂಟೆ ಎಂದಿರುತ್ತದೆ. ಅತಿಥಿಗಳು ಬರುವುದು ಏಳೂವರೆಗೆ. ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ, ಸನ್ಮಾನ, ಅಧ್ಯಕ್ಷ ಭಾಷಣ, ವಂದನಾರ್ಪಣೆ ಮುಗಿದು ನಾಟಕ ಆರಂಭವಾಗುವ ಹೊತ್ತಿಗೆ ಒಂಬತ್ತು. ಅಷ್ಟರಲ್ಲಿ ಹಳ್ಳಿಯ ಕಡೆಯ ಬಸ್ಸಿಗೆ ಸಮಯವಾಗಿರುತ್ತದೆ. ಹುಳಿಯಾರಿನ ಕಡೆಯಿಂದಲೋ ದಂಡಿನಶಿವರದ ಕಡೆಯಿಂದಲೋ ನಾಟಕಕ್ಕೆಂದೇ ಬಂದವರು ಭಾಷಣ ಕೇಳಿ, ನಾಟಕ ಬಿಟ್ಟು ಎದ್ದು ಹೋಗುತ್ತಾರೆ. ಪಕ್ಕದ ಬೀದಿಯಿಂದ ಬಂದವರು ಮಾತ್ರ ಕೊನೆಯವರೆಗೂ ಉಳಿಯುತ್ತಾರೆ.

ಹೊತ್ತು ಮೀರಿದಾಗ ಮೊದಲು ನಷ್ಟವಾಗುವುದು ದೂರದವರಿಗೆ ಎಂಬುದು ಇದರಿಂದ ಸ್ಪಷ್ಟ. 7.30 ಎಂದರೆ 7.30 ಎಂದು ನಂಬಬಹುದಾದ ಕಡೆ ಮಾತ್ರ ಮರಳುವ ರೈಲನ್ನು ನೆಚ್ಚಿಕೊಂಡು ಟಿಕೆಟ್ ಕೊಳ್ಳಲು ಸಾಧ್ಯ. ತಡವಾಗಿ ಬಂದ ಗಣ್ಯರಿಗಾಗಿ ಕಾಯದ ರಂಗಮಂದಿರ, ಹೊತ್ತಿಗೆ ಸರಿಯಾಗಿ ಬಂದ ಸಾಮಾನ್ಯನ ಕಡೆಯ ಬಸ್ಸನ್ನು ಉಳಿಸಿಕೊಡುತ್ತದೆ. ಬಾಗಿಲು ಮುಚ್ಚುವ ನಿಯಮ ಒಂದು ಸಂಜೆ ನಮ್ಮನ್ನು ಹೊರಗಿರಿಸಬಹುದು, ನಿಜ. ಆದರೆ ಉಳಿದ ಎಲ್ಲ ಸಂಜೆಗಳಲ್ಲಿ ನಮ್ಮಂಥವರು ಅಲ್ಲಿಗೆ ಹೋಗಲು ಸಾಧ್ಯವಾಗಿರುವುದೂ ಅದೇ ನಿಯಮದಿಂದ.

ಊರಿಗೆ ತರಬಹುದಾದದ್ದು

ನಾಟಕ ನೋಡಲು ಪ್ರತಿ ಸಲವೂ ಬೆಂಗಳೂರಿಗೇ ಹೋಗಬೇಕಿಲ್ಲ. ತುಮಕೂರಿನಲ್ಲಿ ಡಾ. ಗುಬ್ಬಿ ವೀರಣ್ಣ ಕಲಾಕ್ಷೇತ್ರವಿದೆ. ನೆರೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ವಿಶಾಲವಾದ ಬಯಲು ರಂಗಮಂದಿರವಿದ್ದು, ಅಲ್ಲಿಯ ನಾಟಕೋತ್ಸವಕ್ಕೆ ಸುತ್ತಲಿನ ಹಳ್ಳಿಗಳ ಜನ ಸಾವಿರಗಟ್ಟಲೆ ಸೇರುತ್ತಾರೆ. ಅಲ್ಲಿಯ 'ಶಿವಸಂಚಾರ' 1997ರಿಂದ, ಹೆಗ್ಗೋಡಿನ ನೀನಾಸಂ 'ತಿರುಗಾಟ' 1985ರಿಂದ ಊರೂರಿಗೆ ನಾಟಕ ಒಯ್ಯುತ್ತಿವೆ.

ರಂಗಶಂಕರದಂಥ ಕಟ್ಟಡ ಪ್ರತಿ ತಾಲ್ಲೂಕಿಗೆ ಬರುವುದು ಸುಲಭವಲ್ಲ. ಆದರೆ ಅಲ್ಲಿಂದ ಮರಳುವ ಪ್ರೇಕ್ಷಕ ಖರ್ಚಿಲ್ಲದೆ ತರಬಹುದಾದದ್ದು ಸಾಕಷ್ಟಿದೆ. ನಾಟಕದ ದಿನ ಸಭಾ ಕಾರ್ಯಕ್ರಮವನ್ನು ಹತ್ತು ನಿಮಿಷಕ್ಕೆ ಇಳಿಸಬಹುದು, ಅಥವಾ ನಾಟಕದ ನಂತರಕ್ಕೆ ಇರಿಸಬಹುದು. ಪ್ರತಿಧ್ವನಿಸುವ ಕಲ್ಯಾಣ ಮಂಟಪವನ್ನು ಬಿಟ್ಟು ಮಾತು ಚೆನ್ನಾಗಿ ಕೇಳುವ ಶಾಲೆಯ ಚಿಕ್ಕ ಸಭಾಂಗಣವನ್ನು ಆರಿಸಬಹುದು. ಕುರ್ಚಿಗಳನ್ನು ಮೂರು ಕಡೆ ಹಾಕಿ ನಟರನ್ನು ಹತ್ತಿರ ತಂದುಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಕರಪತ್ರದಲ್ಲಿ ಆರಂಭದ ಹೊತ್ತಿನ ಜೊತೆಗೆ ಮುಗಿಯುವ ಹೊತ್ತನ್ನೂ ಅಚ್ಚು ಹಾಕಿ, ಎರಡನ್ನೂ ಪಾಲಿಸಬಹುದು.

ಆನೆ, ಕುದುರೆಗಳನ್ನು ರಂಗದ ಮೇಲೆ ಕಂಡ ಸೀಮೆಯ ಜನರಿಗೆ ಪುಟ್ಟ ವೇದಿಕೆಯ ಪಿಸುಮಾತು ರುಚಿಸದೆಂದು ಭಾವಿಸಬೇಕಾಗಿಲ್ಲ. ಬೆಳತನಕ ಎಚ್ಚರವಿದ್ದು ನಾಟಕ ನೋಡಿದವರಿಗೆ ಎರಡು ಗಂಟೆಯ ಮೌನ ಕಷ್ಟವೇನೂ ಆಗದು. ಹೊರಡುವ ಮುನ್ನ ಆ ದಿನದ ನಾಟಕ ಯಾವುದು, ಎಷ್ಟು ಹೊತ್ತಿನದು, ಮರಳುವ ಗಾಡಿ ಯಾವುದು ಎಂಬ ಮೂರನ್ನು ಖಚಿತಪಡಿಸಿಕೊಂಡರೆ ಸಾಕು.