ಗಾಳಿಗೆ ಮರ ತೂಗುವುದನ್ನು ಅಳೆದವರು

ಸಸಿ ನೆಟ್ಟ ಕೂಡಲೇ ಪಕ್ಕದಲ್ಲಿ ಗೂಟ ಹುಗಿದು, ಅಲುಗದಂತೆ ಬಿಗಿಯಾಗಿ ಕಟ್ಟುವುದು ನಮ್ಮ ಕಡೆಯ ರೂಢಿ. ವನಮಹೋತ್ಸವದ ವರದಿಗೆ ಹೋದಾಗಲೆಲ್ಲ ನಾವೂ ಅದನ್ನು ನೋಡಿ ಸುಮ್ಮನೆ ಬಂದಿದ್ದೇವೆ. ಆದರೆ ಮರ ಗಟ್ಟಿಯಾಗಲು ಅಲುಗಾಟ ಬೇಕೇ ಬೇಕು ಎಂದು ಇನ್ನೂರು ವರ್ಷಗಳ ಹಿಂದೆಯೇ ಒಬ್ಬರು ಅಳೆದು ತೋರಿಸಿದ್ದರು.

ಅವರು ಇಂಗ್ಲೆಂಡಿನ ಥಾಮಸ್ ಆಂಡ್ರ್ಯೂ ನೈಟ್. ಎಳೆಯ ಸೇಬಿನ ಗಿಡಗಳಲ್ಲಿ ಕೆಲವಕ್ಕೆ ಗೂಟ ಕೊಟ್ಟು ಕಾಂಡದ ಕೆಳಭಾಗ ಅಲ್ಲಾಡದಂತೆ ಮಾಡಿದರು, ಕೆಲವನ್ನು ಗಾಳಿಗೆ ಬಿಟ್ಟರು. ಕಟ್ಟಿಹಾಕಿದ ಕಾಂಡಗಳು ಕೆಳಗೆ ಅಷ್ಟಾಗಿ ದಪ್ಪವಾಗಲಿಲ್ಲ. ಉತ್ತರ-ದಕ್ಷಿಣಕ್ಕೆ ಮಾತ್ರ ತೂಗಲು ಬಿಟ್ಟ ಗಿಡವೊಂದರ ಕಾಂಡ ದುಂಡಗೆ ಬೆಳೆಯದೆ, ತೂಗಿದ ದಿಕ್ಕಿಗೇ ದಪ್ಪವಾಗಿತ್ತು. ಆ ದಿಕ್ಕಿನ ಅಳತೆ 13 ಪಾಲಾದರೆ ಇನ್ನೊಂದು ದಿಕ್ಕಿನದು 11 ಪಾಲು. 1803ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇದು ಅಚ್ಚಾಯಿತು.

1893ರಲ್ಲಿ ಜರ್ಮನಿಯ ಮೆಟ್ಸ್‌ಗರ್, ಕಾಂಡ ಬುಡದಿಂದ ತುದಿಗೆ ಸಣ್ಣದಾಗುತ್ತ ಹೋಗುವುದು ಗಾಳಿಯ ಹೊರೆಯನ್ನು ಸಮನಾಗಿ ಹಂಚಿಕೊಳ್ಳುವುದಕ್ಕೆ ಎಂದು ಲೆಕ್ಕ ಹಾಕಿದರು. 1954ರಲ್ಲಿ ಆಸ್ಟ್ರೇಲಿಯಾದ ಜೇಕಬ್ಸ್, ತಂತಿಯಿಂದ ಬಿಗಿದ ಪೈನ್ ಮರಗಳ ಫಲಿತಾಂಶ ಪ್ರಕಟಿಸಿದರು. ಅಲ್ಲಿಯೂ ತಂತಿಯ ಕೆಳಗಿನ ಕಾಂಡದ ಬೆಳವಣಿಗೆ ಕುಂಠಿತವಾಗಿತ್ತು.

1987ರ ಅಕ್ಟೋಬರಿನ ಒಂದೇ ರಾತ್ರಿಯ ಬಿರುಗಾಳಿಗೆ ದಕ್ಷಿಣ ಇಂಗ್ಲೆಂಡಿನಲ್ಲಿ ಸುಮಾರು ಒಂದೂವರೆ ಕೋಟಿ ಮರಗಳು ಉರುಳಿದವು. ನೆಲ ಮಳೆಗೆ ನೆನೆದಿತ್ತು, ಮರಗಳ ಎಲೆ ಇನ್ನೂ ಉದುರಿರಲಿಲ್ಲ. ಯಾವ ಮರ ಎಷ್ಟು ಗಾಳಿ ತಡೆದೀತು ಎಂಬುದು ಅಲ್ಲಿಂದಾಚೆಗೆ ಬರೀ ಕುತೂಹಲದ ಪ್ರಶ್ನೆಯಾಗಿ ಉಳಿಯಲಿಲ್ಲ.

ಈಗ ಅಳೆಯುವುದು ಸ್ಟ್ರೇನ್ ಗೇಜ್ ಎಂಬ ಉಪಕರಣದಿಂದ. ಕಾಂಡಕ್ಕೆ ಬಿಗಿದ ಈ ಸಣ್ಣ ಪಟ್ಟಿ ಮರ ಬಾಗಿದಾಗ ಕೂದಲೆಳೆಯಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಅದರಲ್ಲಿ ಹರಿಯುವ ವಿದ್ಯುತ್ತಿನ ವ್ಯತ್ಯಾಸವನ್ನು ಯಂತ್ರ ಸೆಕೆಂಡಿಗೆ ಹಲವು ಸಲ ಬರೆದುಕೊಳ್ಳುತ್ತದೆ. ಮೊದಲು ಮರಕ್ಕೆ ಹಗ್ಗ ಹಾಕಿ, ಗೊತ್ತಿರುವ ಬಲದಿಂದ ಎಳೆದು, ಎಷ್ಟು ಎಳೆದರೆ ಎಷ್ಟು ಬಾಗುತ್ತದೆ ಎಂದು ನೋಡಿಕೊಳ್ಳುತ್ತಾರೆ. ಆಮೇಲಿನ ಕೆಲಸ ಗಾಳಿಯದು.

ಗೂಟವೇ ಬೇಡ ಎಂದು ನಾವು ಹೇಳುತ್ತಿಲ್ಲ. ಕಟ್ಟುವುದಾದರೆ ತಗ್ಗಿನಲ್ಲಿ, ಸಡಿಲವಾಗಿ ಕಟ್ಟಬೇಕು. ಬೇರು ಹಿಡಿದ ಮೇಲೆ ಬಿಚ್ಚಬೇಕು. ಎಷ್ಟು ಸಸಿ ನೆಟ್ಟರು ಎಂದು ನಾವು ಪ್ರತಿವರ್ಷ ಬರೆಯುತ್ತೇವೆ. ಹಗ್ಗ ಬಿಚ್ಚಿದರೇ ಎಂದು ನೋಡಲು ಒಮ್ಮೆಯೂ ಹೋಗಿಲ್ಲ. ಈ ಸಲ ಹೋಗಬೇಕು.