ಗೆಡ್ಡೆ-ಸ್ಪಂದಿ ಪಾಲಿಮರ್‌ಗಳು

ಸುತ್ತಲಿನ ಆಮ್ಲೀಯತೆ, ಉಷ್ಣತೆ ಅಥವಾ ಕಿಣ್ವದ ಪ್ರಮಾಣ ತುಸು ಬದಲಾದರೂ ಉಬ್ಬುವ, ಕುಗ್ಗುವ, ಇಲ್ಲವೆ ಬಿಚ್ಚಿಕೊಳ್ಳುವ ದೊಡ್ಡ ಅಣುಗಳಿಗೆ ಸ್ಪಂದನಶೀಲ ಪಾಲಿಮರ್‌ಗಳೆನ್ನುತ್ತಾರೆ. ಇವುಗಳಲ್ಲಿ ಕೆಲವನ್ನು ಕ್ಯಾನ್ಸರ್ ಗೆಡ್ಡೆಯೊಳಗಿನ ಪರಿಸ್ಥಿತಿಗೇ ಎಚ್ಚೆತ್ತುಕೊಳ್ಳುವಂತೆ ರೂಪಿಸಲಾಗಿದೆ; ಗೆಡ್ಡೆ ಇರುವಲ್ಲಿ ಮಾತ್ರ ಅವು ಔಷಧ ಬಿಡಬೇಕು, ಇಲ್ಲವೆ ಅಲ್ಲಿ ಮಾತ್ರ ಬೆಳಗಬೇಕು. ಕರ್ನಾಟಕದಲ್ಲಿ ಈ ವಿದ್ಯೆಯ ಮುಖ್ಯ ನೆಲೆಗಳಲ್ಲೊಂದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ.

ಗೆಡ್ಡೆಯ ಜೀವಕೋಶಗಳು ಅತಿಯಾಗಿ ಸಕ್ಕರೆ ಬಳಸಿ ಲ್ಯಾಕ್ಟಿಕ್ ಆಮ್ಲ ಉತ್ಪಾದಿಸುತ್ತವೆ ಎಂಬುದನ್ನು ಜರ್ಮನಿಯ ಒಟ್ಟೊ ವಾರ್‌ಬರ್ಗ್ 1920ರ ದಶಕದಲ್ಲೇ ತೋರಿಸಿದ್ದ. ರಕ್ತದ ಪಿಎಚ್ 7.4ರ ಆಸುಪಾಸಿನಲ್ಲಿದ್ದರೆ, ಗೆಡ್ಡೆಯೊಳಗೆ ಜೀವಕೋಶಗಳ ಹೊರಗಿನ ದ್ರವದಲ್ಲಿ ಅದು ಸಾಮಾನ್ಯವಾಗಿ 6.5ರಿಂದ 7ರ ನಡುವೆ ಇರುತ್ತದೆ. ಕಣವೊಂದನ್ನು ಜೀವಕೋಶ ಒಳಗೆಳೆದುಕೊಂಡ ಮೇಲೆ ಅದು ಸೇರುವ ಕೋಶಿಕೆಗಳಲ್ಲಿ ಪಿಎಚ್ ಇನ್ನೂ ಇಳಿದು 5ರ ಹತ್ತಿರ ಬರುತ್ತದೆ. 7.4ಕ್ಕೂ 6.8ಕ್ಕೂ ಅಂತರ ಚಿಕ್ಕದೆನಿಸಬಹುದು. ಆದರೆ ಪಿಎಚ್ ಲಾಗರಿದಮ್ ಮಾಪನವಾದ್ದರಿಂದ ಹೈಡ್ರೊಜನ್ ಅಯಾನುಗಳ ಲೆಕ್ಕದಲ್ಲಿ ಅದು ಸುಮಾರು ನಾಲ್ಕು ಪಟ್ಟು ಹೆಚ್ಚಳ. ಈ ಇಕ್ಕಟ್ಟಾದ ಅಂತರದಲ್ಲೇ ಪಾಲಿಮರ್ ತನ್ನ ರೂಪ ಬದಲಿಸಬೇಕು. ಈ ವಿದ್ಯೆಯ ಕಷ್ಟವೆಲ್ಲ ಇರುವುದು ಇಲ್ಲಿಯೇ.

ಪಾಲಿಮರ್ ರಸಾಯನಶಾಸ್ತ್ರ ಬೇರೆಯೇ ದಾರಿಯಲ್ಲಿ ಬೆಳೆಯುತ್ತಿತ್ತು. ಪಾಲಿ-ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್ ಎಂಬುದು ತಣ್ಣೀರಿನಲ್ಲಿ ಕರಗಿ, ಸುಮಾರು 32 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ನೀರಿನಿಂದ ಬೇರ್ಪಡುವುದನ್ನು 1968ರಲ್ಲಿ ಹೆಸ್ಕಿನ್ಸ್ ಮತ್ತು ಗಿಲೆ ವಿವರಿಸಿದರು. ಔಷಧವನ್ನು ಪಾಲಿಮರ್ ಸರಪಳಿಗೆ ಕಟ್ಟಿ ಕಳಿಸುವ ಮಾದರಿಯನ್ನು 1975ರಲ್ಲಿ ಹೆಲ್ಮುಟ್ ರಿಂಗ್ಸ್‌ಡಾರ್ಫ್ ಮುಂದಿಟ್ಟರು. ಗೆಡ್ಡೆಯ ರಕ್ತನಾಳಗಳು ಸೋರುವುದರಿಂದ ದೊಡ್ಡ ಅಣುಗಳು ಅಲ್ಲಿ ಶೇಖರವಾಗುತ್ತವೆ ಎಂದು ಜಪಾನಿನ ಮಾತ್ಸುಮುರಾ ಮತ್ತು ಮಯೆದಾ 1986ರಲ್ಲಿ ಪ್ರಕಟಿಸಿದ ಮೇಲೆ ಈ ಎಳೆಗಳೆಲ್ಲ ಒಂದಾದವು.

ಧಾರವಾಡದಲ್ಲಿ ಕೆಲಸ ಶುರುವಾದದ್ದು ಕ್ಯಾನ್ಸರಿನಿಂದಲ್ಲ, ಹೊಟ್ಟೆಯಿಂದ. ತೇಜರಾಜ ಅಮಿನಭಾವಿ ಅವರ ತಂಡ ಗೋರಿಕಾಯಿ ಬೀಜದ ಅಂಟನ್ನು, ಅಂದರೆ ನಮ್ಮ ಕಡೆಯ ಚವಳಿಕಾಯಿಯ ಗೌರ್ ಗಮ್ಮನ್ನು, ಹಿಡಿದು ಮಾಡಿದ ಪ್ರಯೋಗವನ್ನು 2001ರಲ್ಲಿ ಪ್ರಬಂಧವಾಗಿ ಪ್ರಕಟಿಸಿತು. ಅಂಟಿನ ಸರಪಳಿಗೆ ಪಾಲಿಅಕ್ರಿಲಮೈಡ್ ಕವಲುಗಳನ್ನು ಕಸಿ ಮಾಡಿ, ಆ ಕವಲುಗಳ ಅಮೈಡ್ ಗುಂಪುಗಳನ್ನು ಕಾರ್ಬಾಕ್ಸಿಲಿಕ್ ಆಮ್ಲದ ಗುಂಪುಗಳಾಗಿ ಬದಲಾಯಿಸಿ, ಗ್ಲುಟರಾಲ್ಡಿಹೈಡ್‌ನಿಂದ ಹೆಣೆದು ಸೂಕ್ಷ್ಮ ಗುಂಡುಗಳನ್ನು ಮಾಡಿದರು. ಜಠರದ ಆಮ್ಲದಲ್ಲಿ ಈ ಗುಂಡು ಮುದುಡಿಕೊಂಡಿರುತ್ತದೆ. ಕರುಳಿನ ಪಿಎಚ್‌ಗೆ ಬಂದಾಗ ಆಮ್ಲದ ಗುಂಪುಗಳು ಪ್ರೋಟಾನ್ ಕಳೆದುಕೊಂಡು ಋಣ ವಿದ್ಯುದಂಶ ಪಡೆಯುತ್ತವೆ, ಒಂದನ್ನೊಂದು ದೂಡುತ್ತವೆ. ಗುಂಡು ಉಬ್ಬಿ ಔಷಧ ಹೊರಬರುತ್ತದೆ. ಒಳಗೆ ತುಂಬಿದ್ದದ್ದು ಡಿಲ್ಟಿಯಜೆಮ್ ಮತ್ತು ನಿಫೆಡಿಪಿನ್, ಎರಡೂ ರಕ್ತದೊತ್ತಡದ ಔಷಧಗಳು.

ಗೆಡ್ಡೆಗೆ ಬೇಕಾದದ್ದು ಇದರ ತಿರುವುಮುರುವು: ಆಮ್ಲದಲ್ಲಿ ತೆರೆದುಕೊಳ್ಳುವ ವಸ್ತು. ಅಂಥ ಗುಣದ ಕೈಟೊಸಾನ್, ಸಿಗಡಿ ಮತ್ತು ಏಡಿಯ ಚಿಪ್ಪಿನಿಂದ ದೊರೆಯುವ ಪಾಲಿಮರ್, ಧಾರವಾಡದ ಪ್ರಯೋಗಾಲಯದ ಮತ್ತೊಂದು ಮುಖ್ಯ ವಸ್ತುವಾಯಿತು. ಅದರ ಅಮೈನ್ ಗುಂಪುಗಳು ಪಿಎಚ್ 6.5ರ ಸುತ್ತಮುತ್ತ ಪ್ರೋಟಾನ್ ಹಿಡಿದುಕೊಳ್ಳುತ್ತವೆ. ಕೈಟೊಸಾನ್ ಕಣಗಳ ಬಗ್ಗೆ 2004ರಲ್ಲಿ ಈ ತಂಡ ಬರೆದ ಸಮೀಕ್ಷೆಯನ್ನು ಜಗತ್ತಿನಾದ್ಯಂತ ಸಂಶೋಧಕರು ಉಲ್ಲೇಖಿಸುತ್ತಾರೆ. 2006ರಲ್ಲಿ ಅಗ್ನಿಹೋತ್ರಿ ಮತ್ತು ಅಮಿನಭಾವಿ ಕ್ಯಾಪಸಿಟಬೀನ್ ಎಂಬ ಕ್ಯಾನ್ಸರ್ ಔಷಧವನ್ನು ಕೈಟೊಸಾನ್ ಜಾಲದೊಳಗಿಟ್ಟು ನಿಧಾನವಾಗಿ ಬಿಡಿಸಿದರು. ಆ ಔಷಧ ರಕ್ತದಿಂದ ಬಲುಬೇಗ ಮರೆಯಾಗುತ್ತದೆ, ಅದಕ್ಕಾಗಿಯೇ ಈ ಪ್ರಯತ್ನ. ಇದು ಗೆಡ್ಡೆಯನ್ನು ಗುರುತಿಸುವ ಕಣವಲ್ಲ ಎಂಬುದನ್ನೂ ಹೇಳಲೇಬೇಕು.

ಗುರುತಿಸುವ ಕಣ ಬಂದದ್ದು ಸಿಂಗಾಪುರದಲ್ಲಿ, ಧಾರವಾಡದಲ್ಲಿ ಪಳಗಿದ ಕೈಯಿಂದ. ಗೌರ್ ಗಮ್ ಪ್ರಬಂಧದ ಮೊದಲ ಲೇಖಕ ಕುಮರೇಶ ಸೊಪ್ಪಿಮಠ ಅಲ್ಲಿ ಯಿ ಯಾನ್ ಯಾಂಗ್ ಅವರ ತಂಡದೊಡನೆ 2005ರಲ್ಲಿ ಪ್ರಕಟಿಸಿದ ನ್ಯಾನೊಕಣ ಪಿಎಚ್ ಮತ್ತು ಉಷ್ಣತೆ ಎರಡನ್ನೂ ಜೋಡಿಸಿತು. ಪಿಎಚ್ 7.4ರಲ್ಲಿ ಅದು ಬೇರ್ಪಡುವ ಉಷ್ಣತೆ ದೇಹದ ಉಷ್ಣತೆಗಿಂತ ಮೇಲಿರುತ್ತದೆ, ಹಾಗಾಗಿ ಕಣ ಭದ್ರ. ಸುತ್ತಲೂ ಆಮ್ಲ ಹೆಚ್ಚಿದಂತೆ ಆ ಮಿತಿ 37 ಡಿಗ್ರಿಗಿಂತ ಕೆಳಗಿಳಿಯುತ್ತದೆ. ದೇಹದ ಬಿಸಿಯೇ ಕಣವನ್ನು ಕೆಡಿಸಿ ಒಳಗಿದ್ದ ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧವನ್ನು ಬಿಡುಗಡೆ ಮಾಡುತ್ತದೆ. ಹೊರಗಿನಿಂದ ಶಾಖ ಕೊಡುವ ಗೊಡವೆಯೇ ಇಲ್ಲ. ಈ ಚರಿತ್ರೆಯಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ವಿನ್ಯಾಸ ಕಡಿಮೆ. 2007ರ ಹೊತ್ತಿಗೆ ತಂಡ ಕಣದ ಮೇಲ್ಮೈಗೆ ಫೋಲಿಕ್ ಆಮ್ಲ ಜೋಡಿಸಿ, ಫೋಲೇಟ್ ಗ್ರಾಹಿಗಳು ಹೆಚ್ಚಿರುವ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಹೋಗುವಂತೆ ಮಾಡಿತು.

ಗೆಡ್ಡೆಯನ್ನು ಬೆಳಗಿಸಿ ತೋರಿಸುವ ಚಿತ್ರಣದ ದಾರಿ ಇನ್ನೂ ಮುಂದೆ ಸಾಗಿದೆ. 1999ರಲ್ಲಿ ರಾಲ್ಫ್ ವೈಸ್‌ಲೆಡರ್ ತಂಡ ಪಾಲಿಲೈಸಿನ್ ಸರಪಳಿಗೆ ಬಣ್ಣದ ಅಣುಗಳನ್ನು ಒತ್ತೊತ್ತಾಗಿ ಕಟ್ಟಿತು. ಒತ್ತಾಗಿದ್ದಾಗ ಅವು ಒಂದರ ಬೆಳಕನ್ನು ಇನ್ನೊಂದು ಅಡಗಿಸುತ್ತವೆ, ಗೆಡ್ಡೆಯ ಕಿಣ್ವ ಸರಪಳಿ ಕತ್ತರಿಸಿದಾಗ ಬೆಳಗುತ್ತವೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಜಿನ್‌ಮಿಂಗ್ ಗಾವ್ ತಂಡ ಇದೇ ತತ್ವವನ್ನು ಪಿಎಚ್‌ಗೆ ಅಳವಡಿಸಿತು. ಅದರಿಂದ ಹುಟ್ಟಿದ ಪೆಗ್‌ಸಿಟಾಸಯನೀನ್ ಎಂಬ ವಸ್ತುವನ್ನು ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ನಾಲ್ಕು ಬಗೆಯ ಕ್ಯಾನ್ಸರಿನ 30 ರೋಗಿಗಳಿಗೆ ಕೊಟ್ಟು, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೇ ಗೆಡ್ಡೆ ಬೆಳಗುವುದನ್ನು ವೈದ್ಯರು ಕಂಡರು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಗೆಡ್ಡೆಯ ಅಂಚು ಎಲ್ಲಿ ಮುಗಿಯಿತು ಎಂಬುದು ಶಸ್ತ್ರವೈದ್ಯರ ದೊಡ್ಡ ಚಿಂತೆ. ಅಂಚಿನಲ್ಲಿ ಉಳಿದ ಚೂರು ಮತ್ತೆ ಬೆಳೆಯಬಲ್ಲದು.

ಚಿಕಿತ್ಸೆಯಲ್ಲಿ ಹಾದಿ ಇಷ್ಟು ಸಲೀಸಾಗಿಲ್ಲ. ಬಿಸಿಗೆ ತೆರೆದುಕೊಳ್ಳುವ ಕೊಬ್ಬಿನ ಕೋಶಿಕೆಯಲ್ಲಿ ಡಾಕ್ಸೊರುಬಿಸಿನ್ ತುಂಬಿದ ಥರ್ಮೊಡಾಕ್ಸ್, ಯಕೃತ್ತಿನ ಕ್ಯಾನ್ಸರಿನ ಮೂರನೇ ಹಂತದ ಪರೀಕ್ಷೆಯಲ್ಲಿ 2013ರಲ್ಲಿ ಗುರಿ ಮುಟ್ಟಲಿಲ್ಲ. ಇಲಿಯ ಗೆಡ್ಡೆಯಷ್ಟು ಮನುಷ್ಯರ ಗೆಡ್ಡೆಗಳು ಸೋರುವುದಿಲ್ಲ. ಒಬ್ಬರ ಗೆಡ್ಡೆಯಂತೆ ಇನ್ನೊಬ್ಬರದಿರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಶೋಕ ರಾಯಚೂರು ಅವರ ತಂಡ ಪಿಎಚ್ ಬಿಟ್ಟು ಕಿಣ್ವಗಳ ಕಡೆ ತಿರುಗಿತು: ಸಿಲಿಕಾ ಕಣದ ರಂಧ್ರಗಳಿಗೆ ಪ್ರೊಟಮಿನ್ ಎಂಬ ಪ್ರೋಟೀನಿನ ಮುಚ್ಚಳ ಹಾಕಿ, ಟ್ರಿಪ್ಸಿನ್ ಕಿಣ್ವ ಅದನ್ನು ಜೀರ್ಣಿಸಿದಾಗಲೇ ಔಷಧ ಹೊರಬರುವಂತೆ ಮಾಡಿದ ಕೆಲಸ 2014ರದು.